ಸೋಮಾ: ಕಥೆಯ ಭಯ ಮತ್ತು ಓಟದ ಭಯ

ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ ಸಂಸ್ಥೆ 2015ರ ಸೆಪ್ಟೆಂಬರಿನಲ್ಲಿ ಹೊರತಂದ ‘ಸೋಮಾ’ ಎಂಬ ಭಯಾನಕ ಆಟವನ್ನು ಕಾರವಾರದ ನಮ್ಮ ಮನೆಯಲ್ಲಿ ಎರಡು ಮಳೆಗಾಲಗಳಲ್ಲಿ ಎರಡು ಬಗೆಯಾಗಿ ಆಡಿದ್ದೇನೆ. ಮೊದಲ ಸಲ ಮೂಲ ರೂಪದಲ್ಲಿ, ಎಂದರೆ ಬೆನ್ನಟ್ಟಿ ಬಂದು ಕೊಲ್ಲುವ ಜೀವಿಗಳ ನಡುವೆ ಆಡಿದೆ. ಎರಡನೆಯ ಸಲ ಆಡಿದ್ದು 2017ರ ಡಿಸೆಂಬರಿನಲ್ಲಿ ಸಂಸ್ಥೆಯೇ ಸೇರಿಸಿದ ಸೇಫ್ ಮೋಡಿನಲ್ಲಿ. ಅಲ್ಲಿ ಅದೇ ಜೀವಿಗಳು ಅಡ್ಡಾಡುತ್ತವೆ, ಹತ್ತಿರಕ್ಕೂ ಬರುತ್ತವೆ, ಆದರೆ ಪ್ರಾಣ ತೆಗೆಯುವುದಿಲ್ಲ. ಈ ಎರಡರ ನಡುವೆ ಅದೇ ಸಂಸ್ಥೆಯ 2023ರ ‘ಆಮ್ನೀಸಿಯಾ: ದಿ ಬಂಕರ್’ ಆಟವನ್ನೂ ಮುಗಿಸಿದೆ. ಸೋಮಾದ ಕಥೆ ಅದ್ಭುತ, ಆಟ ಮಾತ್ರ ಸಾಧಾರಣ ಎಂಬ ಅಭಿಪ್ರಾಯ ಆಟಗಾರರಲ್ಲಿ ಬಹಳ ಹಿಂದಿನಿಂದಲೂ ಇದೆ. ಮೊದಲ ಸಲ ಮುಗಿಸಿದಾಗ ನಾನೂ ಅದನ್ನೇ ಹೇಳುತ್ತಿದ್ದೆ, ಈಗ ಆ ಮಾತಿನ ಅರ್ಧವನ್ನು ಮಾತ್ರ ಒಪ್ಪುತ್ತೇನೆ. ಮುಂದೆ ಕಥೆಯ ಗುಟ್ಟುಗಳನ್ನು ಬಿಚ್ಚಿಡಲೇಬೇಕಾಗಿರುವುದರಿಂದ, ಆಡಬೇಕೆಂದಿರುವವರು ಆಡಿ ಮುಗಿಸಿದ ಮೇಲೆ ಇದನ್ನು ಓದುವುದು ಒಳ್ಳೆಯದು.

ಕಥೆ ಹೀಗಿದೆ. ಟೊರಾಂಟೊದಲ್ಲಿರುವ ಸೈಮನ್ ಜ್ಯಾರೆಟ್ ಎಂಬ ಯುವಕ ಕಾರು ಅಪಘಾತದಲ್ಲಿ ಮಿದುಳಿಗೆ ಪೆಟ್ಟು ಮಾಡಿಕೊಂಡು, 2015ರಲ್ಲಿ ಒಂದು ಪ್ರಾಯೋಗಿಕ ಸ್ಕ್ಯಾನ್‌ಗೆ ಕುಳಿತುಕೊಳ್ಳುತ್ತಾನೆ. ಕಣ್ಣು ತೆರೆದಾಗ ಇಸವಿ 2104, ಸ್ಥಳ ಅಟ್ಲಾಂಟಿಕ್ ಸಾಗರದ ತಳದ ಪಾಥೋಸ್-2 ಎಂಬ ನೆಲೆ. ಧೂಮಕೇತು ಬಡಿದು ಭೂಮಿಯ ಮೇಲ್ಮೈ ಹಿಂದಿನ ವರ್ಷವೇ ನಾಶವಾಗಿದೆ. ಎಚ್ಚರಗೊಂಡಿರುವವನು ಟೊರಾಂಟೊದ ಸೈಮನ್ ಅಲ್ಲ, ಅವನ ಮಿದುಳಿನ ನಕಲು. ಆ ನಕಲು ಕುಳಿತಿರುವುದು ಡೈವಿಂಗ್ ಸೂಟಿನೊಳಗಿನ ಒಂದು ಶವದಲ್ಲಿ. ಮನುಷ್ಯರ ಮಿದುಳಿನ ಸ್ಕ್ಯಾನ್‌ಗಳನ್ನು ತುಂಬಿಕೊಂಡ ‘ಆರ್ಕ್’ ಎಂಬ ಪೆಟ್ಟಿಗೆಯನ್ನು ಬಾಹ್ಯಾಕಾಶಕ್ಕೆ ಹಾರಿಸುವುದೊಂದೇ ಉಳಿದಿರುವ ಕೆಲಸ. ನಾನು ಒಮ್ಮೆ ನೇತ್ರಾಣಿಯಲ್ಲಿ ಸ್ಕೂಬಾ ಡೈವಿಂಗ್ ಮಾಡಿದ್ದೇನೆ; ನೀರಿನೊಳಗೆ ನಮ್ಮ ಉಸಿರೇ ನಮಗೆ ಅತಿ ದೊಡ್ಡ ಸದ್ದಾಗಿ ಕೇಳಿಸುವ ಆ ಅನುಭವ, ಸೈಮನ್ ಕಡಲ ತಳದಲ್ಲಿ ನಡೆಯುವಾಗ ಹೆಡ್‌ಫೋನಿನಲ್ಲಿ ಮರಳಿ ಬಂದಿತು. ಅವನಿಗೆ ಉಸಿರಾಟದ ಅಗತ್ಯವೇ ಇಲ್ಲವೆಂದು ತಿಳಿದ ಮೇಲೆ ಆ ಸದ್ದು ಬೇರೆಯೇ ಆಗಿ ಕೇಳತೊಡಗಿತು.

ಮೂಲ ರೂಪದಲ್ಲಿ ಈ ಕಥೆಯ ನಡುನಡುವೆ ಅಡಗುವ, ಓಡುವ ಘಟ್ಟಗಳು ಬರುತ್ತವೆ. ಥೀಟಾ ಎಂಬ ನೆಲೆಯಲ್ಲಿ, ಕಣ್ಣಿಲ್ಲದಿದ್ದರೂ ಸದ್ದನ್ನು ಹಿಡಿದು ಬರುವ ಜೀವಿಯ ಕೈಗೆ ನಾನು ಐದು ಸಲ ಸಿಕ್ಕೆ. ಮೊದಲ ಸಲ ನಿಜವಾಗಿಯೂ ಬೆವರಿದ್ದೆ. ಮೂರನೆಯ ಸಲಕ್ಕೆ ಅದು ಯಾವ ಮೂಲೆಯಲ್ಲಿ ತಿರುಗುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಐದನೆಯ ಸಲ ಭಯ ಪೂರ್ತಿ ಇಂಗಿ, ಸರತಿಯಲ್ಲಿ ನಿಂತವನ ಬೇಸರ ಮಾತ್ರ ಉಳಿದಿತ್ತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಅಲ್ಲಿ ವಾಸವಾಗಿದ್ದವರ ಕೋಣೆಗಳು, ಅವರ ಕಂಪ್ಯೂಟರುಗಳಲ್ಲಿ ಉಳಿದ ಮಾತುಗಳು ಎಲ್ಲವೂ ಕಣ್ಣೆದುರಿಗಿದ್ದರೂ ನಿಂತು ನೋಡಲು ಧೈರ್ಯವಾಗಲಿಲ್ಲ. ಕಥೆ ನಿಧಾನವಾಗಿ ಕಟ್ಟುತ್ತಿದ್ದ ಭಯವನ್ನು ಓಟ ಮತ್ತೆ ಮತ್ತೆ ಕೆಡವುತ್ತಿತ್ತು.

ಬಂಕರ್ ಆಟದಲ್ಲಿ ಪರಿಸ್ಥಿತಿ ತದ್ವಿರುದ್ಧ. ಮೊದಲ ಮಹಾಯುದ್ಧದ ಕಾಲದ ಫ್ರೆಂಚ್ ಬಂಕರಿನಲ್ಲಿ ಸಿಕ್ಕಿಬಿದ್ದ ಸೈನಿಕನಿಗೆ ಎದುರಾಗುವುದು ಒಂದೇ ಒಂದು ಮೃಗ; ಜನರೇಟರಿನಲ್ಲಿ ಇಂಧನ ಇರುವವರೆಗೆ ದೀಪ, ದೀಪ ಆರಿದರೆ ಮೃಗದ ಉಪಟಳ ಹೆಚ್ಚು. ಕೈಯಲ್ಲಿರುವ ಟಾರ್ಚಿಗೆ ದಾರ ಎಳೆದು ಬಲ ತುಂಬಬೇಕು, ಆ ಸದ್ದೇ ಮೃಗವನ್ನು ಕರೆಯುತ್ತದೆ. ಪ್ರತಿ ಹೊಸ ಆಟದಲ್ಲಿ ವಸ್ತುಗಳ ಜಾಗವೂ ಬೀರುಗಳ ಬೀಗದ ಸಂಖ್ಯೆಯೂ ಬದಲಾಗುವುದರಿಂದ ಬಾಯಿಪಾಠ ಮಾಡಿ ಪಾರಾಗುವ ಉಪಾಯವೂ ನಡೆಯುವುದಿಲ್ಲ. ಆಷಾಢದ ಒಂದು ರಾತ್ರಿ ಊರಿಗೆ ಊರೇ ಕರೆಂಟಿಲ್ಲದೆ ಕುಳಿತಿದ್ದಾಗ, ಲ್ಯಾಪ್‌ಟಾಪಿನ ಬ್ಯಾಟರಿ ಮತ್ತು ಆಟದ ಜನರೇಟರ್ ಎರಡೂ ಒಟ್ಟಿಗೆ ಇಳಿಯುತ್ತಿದ್ದುದನ್ನು ನೋಡುತ್ತಾ ಆಡಿದ ಆ ಒಂದು ಗಂಟೆಯಷ್ಟು ಶುದ್ಧವಾದ ಭಯವನ್ನು ಸೋಮಾದ ಯಾವ ಓಟವೂ ನನಗೆ ಕೊಟ್ಟಿಲ್ಲ. ಆದರೆ ಅದರ ಕಥೆ? ಮೃಗದ ಹುಟ್ಟಿನ ಹಿಂದೆ ಸ್ನೇಹಿತನಿಗೆ ಬಗೆದ ದ್ರೋಹವೊಂದರ ಪಶ್ಚಾತ್ತಾಪವಿದೆ, ವಸ್ತುವೂ ಗಟ್ಟಿಯಾಗಿಯೇ ಇದೆ. ಆದರೆ ಆ ಚೀಟಿಗಳನ್ನೆಲ್ಲ ಒಂದು ಕಣ್ಣು ಗಡಿಯಾರದ ಮೇಲಿಟ್ಟು ಓದಿದ್ದರಿಂದ ಮನಸ್ಸಿಗೆ ಇಳಿಯಲಿಲ್ಲ.

ಹೀಗಾಗಿ ಸೇಫ್ ಮೋಡಿನ ಸೋಮಾವನ್ನು ಬಹಳ ನಿರೀಕ್ಷೆಯಿಂದ ಆರಂಭಿಸಿದೆ. ನಮ್ಮ ಸೀಮೆಯಲ್ಲಿ ಯಕ್ಷಗಾನ ನೋಡಿ ಬೆಳೆದವರಿಗೆ ತಾಳಮದ್ದಳೆ ಕೊಡುವ ಸುಖ ಯಾವ ಬಗೆಯದೆಂದು ಗೊತ್ತು: ವೇಷವಿಲ್ಲ, ಕುಣಿತವಿಲ್ಲ, ಅದೇ ಪ್ರಸಂಗ ಮಾತಿನ ಬಲದಿಂದಲೇ ನಿಲ್ಲಬೇಕು, ಮತ್ತು ಒಳ್ಳೆಯ ಅರ್ಥಧಾರಿಯಿದ್ದರೆ ನಿಲ್ಲುತ್ತದೆ. ಥೀಟಾ ಈ ಸಲ ಹಾಗೆಯೇ ನಿಂತಿತು. ಪ್ರತಿ ಕೋಣೆಗೂ ಹೋದೆ, ಪ್ರತಿ ಧ್ವನಿಮುದ್ರಿಕೆಯನ್ನೂ ಕೊನೆಯವರೆಗೆ ಕೇಳಿದೆ. ಸ್ಕ್ಯಾನ್ ಆದ ಕೂಡಲೇ ಪ್ರಾಣ ಬಿಟ್ಟರೆ ತಾವೇ ಆರ್ಕಿನಲ್ಲಿ ಮುಂದುವರಿಯುತ್ತೇವೆ ಎಂದು ನಂಬಿ ಆತ್ಮಹತ್ಯೆ ಮಾಡಿಕೊಂಡವರ ವಿಚಾರ ಮೊದಲ ಸಲ ಕಿವಿಯ ಪಕ್ಕದಲ್ಲಿ ಹಾದುಹೋಗಿತ್ತು, ಈ ಸಲ ಅದನ್ನು ಕೇಳಿದ ಮೇಲೆ ಆ ರಾತ್ರಿ ಆಟ ಮುಂದುವರಿಸಲು ಆಗಲಿಲ್ಲ.

ಆದರೂ ಸೇಫ್ ಮೋಡಿನಲ್ಲಿ ಒಂದು ಕೊರತೆಯಿದೆ, ಅದನ್ನು ಹೆಚ್ಚು ಜನ ಗಮನಿಸಿದಂತೆ ಕಾಣುವುದಿಲ್ಲ. ಮೂಲ ರೂಪದಲ್ಲಿ ಜೀವಿ ಹತ್ತಿರ ಬಂದಂತೆ ಪರದೆ ಕದಡುತ್ತದೆ, ಚಿತ್ರ ಒಡೆಯುತ್ತದೆ. ಪೆಟ್ಟು ತಿಂದಾಗ ದೃಷ್ಟಿ ಮಂಜಾಗಿ, ಗೋಡೆಗಳ ಮೇಲೆ ಬೆಳೆದಿರುವ ಹೂವಿನಂಥ ವಿಚಿತ್ರ ಬೆಳೆತಕ್ಕೆ ಕೈ ಕೊಟ್ಟು ಚೇತರಿಸಿಕೊಳ್ಳಬೇಕು. ಇದು ಆಟದ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೆಂದು ಮೊದಲು ಭಾವಿಸಿದ್ದೆ, ಹಾಗಲ್ಲವೆಂದು ಆಮೇಲೆ ಹೊಳೆಯಿತು. ಸೈಮನ್ನನ ಕಣ್ಣು ಕಣ್ಣಲ್ಲ, ಯಂತ್ರ. ಅವನ ಮೈಯನ್ನು ನಡೆಸುವುದೂ ಆ ಗೋಡೆಯ ಬೆಳೆತವನ್ನು ಕಟ್ಟಿರುವುದೂ ಒಂದೇ ದ್ರವ್ಯ. ಅವನು ಸತ್ಯವನ್ನು ಕಾಣುವ ಎಷ್ಟೋ ಮುಂಚೆ ಆಟ ಅದನ್ನು ನಮ್ಮ ಕೈಗೆ ಹೇಳಿರುತ್ತದೆ. ಪೆಟ್ಟಿನ ಹೆದರಿಕೆಯೇ ಇಲ್ಲದವನಿಗೆ ಆ ಹೂವಿನ ಹತ್ತಿರ ಹೋಗುವ ಕಾರಣ ಉಳಿಯುವುದಿಲ್ಲ.

ನನ್ನ ಅಭಿಪ್ರಾಯ ಬದಲಾದದ್ದು ಇಲ್ಲಿ. ಆಟವೆಂದರೆ ಓಟ ಮತ್ತು ಅಡಗುವಿಕೆ ಎಂದು ಎಣಿಸಿದರೆ ಮಾತ್ರ ಸೋಮಾದ ಆಟ ದುರ್ಬಲ. ಈ ಸಂಸ್ಥೆಯ ಆಟಗಳಲ್ಲಿ ಬಾಗಿಲನ್ನಾಗಲಿ ಸನ್ನೆಗೋಲನ್ನಾಗಲಿ ಮೌಸಿನಿಂದ ಹಿಡಿದು ನಾವೇ ಎಳೆಯಬೇಕು. ಯಂತ್ರದ ಶ್ವಾಸಕೋಶದಿಂದ ಜೀವ ಹಿಡಿದಿರುವ ಹೆಂಗಸಿನ ಪ್ಲಗ್ ಕೀಳುವುದೂ ಅದೇ ಕೈಚಲನೆಯಿಂದಲೇ. ಓಮಿಕ್ರಾನ್ ನೆಲೆಯಲ್ಲಿ ಸೈಮನ್ ಹೊಸ ಮೈಗೆ ನಕಲಾದಾಗ ಹಳೆಯ ಸೈಮನ್ ಎದುರಿನ ಕುರ್ಚಿಯಲ್ಲಿ ನಿದ್ರಿಸುತ್ತಿರುತ್ತಾನೆ. ಅವನ ಬ್ಯಾಟರಿ ಇಳಿಸಿ ಕೊಲ್ಲಬೇಕೋ, ಯಾರೂ ಇಲ್ಲದ ಕಡಲ ತಳದಲ್ಲಿ ಒಬ್ಬನೇ ಏಳಲು ಬಿಡಬೇಕೋ ಎಂಬುದು ನಮಗೆ ಬಿಟ್ಟದ್ದು. ಅಲ್ಲಿ ಬೆನ್ನಟ್ಟುವವರಿಲ್ಲ, ಗಡಿಯಾರವಿಲ್ಲ, ಎರಡೂ ಮೋಡುಗಳಲ್ಲಿ ಆ ದೃಶ್ಯ ಒಂದೇ. ಬರೀ ಕಥೆಯಾಗಿ ಕೇಳಿದ್ದರೆ ನಿಟ್ಟುಸಿರಿಟ್ಟು ಮುಂದೆ ಹೋಗುತ್ತಿದ್ದೆ. ಮೊದಲ ಸಲ ಅವನನ್ನು ಹಾಗೆಯೇ ಬಿಟ್ಟು ಬಂದೆ, ಎರಡನೆಯ ಸಲ ಕೊಂದೆ, ಎರಡೂ ತಪ್ಪೆಂದೇ ಅನ್ನಿಸಿತು.

ಕಳೆದ ತಿಂಗಳು ಶಿರಸಿಯಿಂದ ಬಂದಿದ್ದ ಚಿಕ್ಕಮ್ಮನ ಮಗ ಯಾವುದರಿಂದ ಶುರು ಮಾಡಲಿ ಎಂದು ಕೇಳಿದಾಗ ಬಂಕರನ್ನು ಆಮೇಲೆ ನೋಡು ಎಂದು ಹೇಳಿ ಸೋಮಾವನ್ನು ಮೂಲ ರೂಪದಲ್ಲಿ ಹಾಕಿಕೊಟ್ಟೆ, ಆ ಹೂವಿಗೆ ಅವನು ಒಮ್ಮೆಯಾದರೂ ಕೈ ಕೊಡಲಿ ಎಂಬ ಕಾರಣಕ್ಕೆ. ಒಂದೇ ಜಾಗದಲ್ಲಿ ಮೂರು ಸಲಕ್ಕಿಂತ ಹೆಚ್ಚು ಸತ್ತರೆ ಸೇಫ್ ಮೋಡಿನಲ್ಲಿ ಹೊಸದಾಗಿ ಶುರು ಮಾಡು ಎಂದೂ ಹೇಳಿದೆ. ಮೂರನೆಯ ದಿನ ಅವನು ಓಮಿಕ್ರಾನಿನ ಆ ಕುರ್ಚಿಯ ಮುಂದೆ ಬಂದು ನಿಂತ. ‘ಅಣ್ಣ, ನೀನು ಏನು ಮಾಡಿದ್ದೆ?’ ಎಂದು ಪರದೆಯಿಂದ ಕಣ್ಣು ಕೀಳದೆ ಕೇಳಿದ. ನಾನು ಹೇಳಲಿಲ್ಲ. ಹೊರಗೆ ಒಂದು ಮಳೆ ಸುರಿದು ನಿಂತಿತು. ಅವನ ಕೈ ಇನ್ನೂ ಮೌಸಿನ ಮೇಲೆಯೇ ಇತ್ತು.