ತಣ್ಣೀರುಬಾವಿಯಲ್ಲಿ ಸಮುದ್ರ ಈಜಿನ ಕ್ಲಾಸ್: ಹೋಗಬಹುದಾ?

ಮಂಗಳೂರಿನ ತಣ್ಣೀರುಬಾವಿ ಬೀಚಿನಲ್ಲಿ 4 ಭಾನುವಾರ ಸಮುದ್ರ ಈಜಿನ ಕ್ಲಾಸಿಗೆ ಹೋಗಿದ್ದೆ. ಕ್ಲೋರಿನ್ ವಾಸನೆ ಇಲ್ಲ, ಉಪ್ಪುನೀರು ಮೈಯನ್ನು ಚೆನ್ನಾಗಿ ತೇಲಿಸುತ್ತದೆ, ಮಂಡಿನೋವಿರುವ ನನಗೆ ಓಟಕ್ಕಿಂತ ಇದೇ ಹಿತ, ರಾತ್ರಿ ನಿದ್ದೆಯಂತೂ ಕೇಳಲೇಬೇಡಿ. ಆದರೆ ಸಮುದ್ರ ಅಂದ್ರೆ ಈಜುಕೊಳ ಅಲ್ಲ, ಅಲ್ವಾ? ಒಮ್ಮೆ ಜೆಲ್ಲಿ ಫಿಶ್ ತಾಗಿ ಕೈ ಎರಡು ದಿನ ಉರಿಯಿತು. ಒಳಕ್ಕೆ ಎಳೆಯುವ ಸೆಳೆತಕ್ಕೆ ಸಿಕ್ಕರೆ ಅದರ ಎದುರು ಈಜಿ ಸುಸ್ತಾಗಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಹೊರಬನ್ನಿ ಅಂತ ಮೊದಲ ದಿನವೇ ಹೇಳಿಕೊಟ್ಟರು, ಅದಕ್ಕೆ ಪೂರ್ತಿ ಅಂಕ. ಸೊಂಟಕ್ಕೆ ಕಟ್ಟುವ ಬಣ್ಣದ ಫ್ಲೋಟ್ ಮಾತ್ರ 12 ಜನಕ್ಕೆ 5 ಇತ್ತು. ಇದು ಸರಿಯಲ್ಲ. ಮಳೆಗಾಲದಲ್ಲಿ ಕ್ಲಾಸ್ ಇಲ್ಲ, ಆ ಕಡಲಿಗೆ ಇಳಿಯೋದೂ ಬೇಡ. ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಸೇರಿಕೊಳ್ಳಿ.