ಕಾಣುವಂತೆ ಬಂದೂಕು ಒಯ್ಯುವುದು: ರಾಜ್ಯಕ್ಕೆಲ್ಲ ಒಂದೇ ನಿಯಮವೋ, ನಗರಕ್ಕೆ ಬೇರೆಯೋ?

ಅಮೆರಿಕದಲ್ಲಿ ಎರಡೂ ಬಗೆ ಇವೆ. ಅರಿಜೋನಾದಲ್ಲಿ ಹಳ್ಳಿ, ನಗರ ಎರಡಕ್ಕೂ ಒಂದೇ ಸಡಿಲ ನಿಯಮ. ಇಲಿನಾಯ್‌ನಲ್ಲಿ ಎರಡು ಕಡೆಯೂ ನಿಷೇಧ. ಕೊಲೊರಾಡೊದಲ್ಲಿ ಸಾಮಾನ್ಯವಾಗಿ ಒಯ್ಯಬಹುದು, ಆದರೆ ಡೆನ್ವರ್ ನಗರದಲ್ಲಿ ಒಯ್ಯುವಂತಿಲ್ಲ.

ಮೊದಲು ಸುರಕ್ಷತೆ ನೋಡೋಣ. ದೂರದ ರಾಂಚ್‌ಗಳಿಗೆ (ದನ ಸಾಕುವ ದೊಡ್ಡ ಜಮೀನುಗಳಿಗೆ) ಪೊಲೀಸರು ಬರುವುದೇ ತಡ. ಕಾಡುಪ್ರಾಣಿಗಳ ಭಯವೂ ಇದೆ. ಅಲ್ಲಿ ಸೊಂಟದ ಪಿಸ್ತೂಲು ಕಂಡರೆ ಯಾರೂ ಬೆಚ್ಚುವುದಿಲ್ಲ. ಜನಸಂದಣಿಯಲ್ಲಿ ಮಾತೇ ಬೇರೆ. 2016ರಲ್ಲಿ ಟೆಕ್ಸಾಸ್‌ನ ಡಲ್ಲಾಸ್ ನಗರದಲ್ಲಿ ಮೆರವಣಿಗೆ ವೇಳೆ ಗುಂಡಿನ ದಾಳಿ ನಡೆದು 5 ಪೊಲೀಸರು ಸತ್ತರು. ಆಗ ರೈಫಲ್ ಹೊತ್ತಿದ್ದ ನಿರಪರಾಧಿಯೊಬ್ಬರ ಫೋಟೊವನ್ನು ಪೊಲೀಸರೇ ಶಂಕಿತ ಎಂದು ಹಂಚಿದ್ದರು. ಅವರ ಜೀವವೇ ಹೋಗಬಹುದಿತ್ತು ಅಲ್ವಾ? ನಗರಕ್ಕೆ ಬೇರೆ ನಿಯಮ ಬೇಕು ಎನ್ನಲು ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಪಾಲಿಸಲು ಸುಲಭ ಒಂದೇ ನಿಯಮ. ಇಲ್ಲದಿದ್ದರೆ ನಗರದ ಗಡಿ ದಾಟಿದ ರೈತ ಗೊತ್ತಿಲ್ಲದೆ ತಪ್ಪಿತಸ್ಥನಾಗುತ್ತಾನೆ.

ಕೋರ್ಟಿನ ಮಿತಿಯೂ ಇದೆ. ಜನ ಜಾಸ್ತಿ ಇದ್ದಾರೆ ಎಂಬ ಒಂದೇ ಕಾರಣಕ್ಕೆ ನ್ಯೂಯಾರ್ಕ್ ನಗರದ ಇಡೀ ಮ್ಯಾನ್‌ಹಟನ್ ಅನ್ನು ಸೂಕ್ಷ್ಮ ಜಾಗ (ಬಂದೂಕು ನಿಷೇಧಿಸಬಹುದಾದ ಜಾಗ) ಎನ್ನಲಾಗದು ಎಂದು 2022ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು.

ರಾಜ್ಯದಲ್ಲಿ ದೊಡ್ಡ ನಗರವೇ ಇಲ್ಲದಿದ್ದರೆ ಒಂದೇ ನಿಯಮ ಸಾಕು. ಒಂದು ಮಹಾನಗರ, ಸುತ್ತ ಬೆಟ್ಟ, ಹುಲ್ಲುಗಾವಲು ಇದ್ದರೆ ಕೊಲೊರಾಡೊ ದಾರಿ ಸರಿ. ಆದರೆ ನಿಷೇಧ ಇರುವಲ್ಲಿ ಫಲಕ ಇರಲೇಬೇಕು.