ಅಡಿಕೆ, ಕಾಳುಮೆಣಸು ಖರೀದಿಗೆ ಬಾಲಕಾರ್ಮಿಕ ತಪಾಸಣೆ: ಪಡೆದ ಸೇವೆಯ ವಿಮರ್ಶೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ತೋಟಗಳಿಂದ ಅಡಿಕೆ ಮತ್ತು ಕಾಳುಮೆಣಸು ಕೊಳ್ಳುವ ನಮ್ಮ ಸಂಸ್ಥೆ, ದೊಡ್ಡ ಖರೀದಿದಾರರೊಬ್ಬರು ಬಾಲಕಾರ್ಮಿಕರಿಲ್ಲವೆಂಬ ದೃಢೀಕರಣ ಕೇಳಿದ್ದರಿಂದ, ಹುಬ್ಬಳ್ಳಿಯ ತಪಾಸಣಾ ಸಂಸ್ಥೆಯೊಂದರ ಸೇವೆ ಪಡೆಯಿತು.

ಮೊದಲ ಭೇಟಿ ಮಳೆಗಾಲದಲ್ಲಿ ನಡೆಯಿತು. ಗೋದಾಮಿನ ಹಾಜರಿ ಪುಸ್ತಕ, ಕೂಲಿ ಪಟ್ಟಿ ನೋಡಿ ‘ಅಪಾಯ ಕಡಿಮೆ’ ಎಂದು ಬರೆದರು. ಗೋದಾಮಿನಲ್ಲಿ ಅದು ಕಡಿಮೆಯೇ. ಹೆಚ್ಚಿರುವುದು ಅಡಿಕೆ ಗೊನೆ ಕೊಯ್ಯುವ ದಿನಗಳಲ್ಲಿ, ತೋಟದ ಮನೆಯಂಗಳದಲ್ಲಿ ರಾತ್ರಿಯವರೆಗೂ ಸಾಗುವ ಅಡಿಕೆ ಸುಲಿಯುವ ಕೆಲಸದಲ್ಲಿ. ನಾವೇ ಒತ್ತಾಯಿಸಿ ಎರಡನೆಯ ಭೇಟಿಯನ್ನು ಡಿಸೆಂಬರಿಗೆ ಇರಿಸಿಕೊಳ್ಳಬೇಕಾಯಿತು.

ಆಗ ಬಂದ ತಪಾಸಕಿಯ ಕೆಲಸ ಮಾತ್ರ ನಿಜಕ್ಕೂ ಮೆಚ್ಚುವಂಥದ್ದು. ಮಕ್ಕಳಿದ್ದಾರೆಯೇ ಎಂದು ಅವರು ಯಾರನ್ನೂ ಕೇಳಲಿಲ್ಲ. ಕೂಲಿಯ ಲೆಕ್ಕ ಕೇಳಿದರು. ಸುಲಿದ ಅಡಿಕೆಯ ಅಳತೆಯ ಮೇಲೆ ಕೂಲಿ ಕೊಡುವಲ್ಲಿ ಪುಸ್ತಕದಲ್ಲಿ ತಾಯಿಯ ಹೆಸರಷ್ಟೇ ಇದ್ದರೂ ಮೆಟ್ಟುಗತ್ತಿಯ (ಅಡಿಕೆ ಸುಲಿಯುವ ಕತ್ತಿ) ಮುಂದೆ ಮಗಳೂ ಕುಳಿತಿರಬಹುದು, ಆದ್ದರಿಂದ ಒಬ್ಬರ ಕೈಯಲ್ಲಿ ಆಗದಷ್ಟು ಅಳತೆ ಒಂದೇ ಹೆಸರಿನಲ್ಲಿ ಕಂಡರೆ ವಿಚಾರಿಸಬೇಕೆಂದು ತೋರಿಸಿಕೊಟ್ಟರು. ‘ನಮ್ಮನೆ ಮಕ್ಕಳೂ ಸುಲಿಯುತ್ತಾರಲ್ಲ’ ಎಂದ ಬೆಳೆಗಾರರಿಗೆ (ಈ ಪ್ರಶ್ನೆ ಬಂದೇ ಬರುತ್ತದೆ) 1986ರ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯನ್ನು ವಿವರಿಸಿದರು: 14 ವರ್ಷದೊಳಗಿನ ಮಗು ಶಾಲೆಯ ಸಮಯದ ನಂತರ ಅಥವಾ ರಜೆಯಲ್ಲಿ, ಅಪಾಯಕಾರಿಯಲ್ಲದ ಕೆಲಸದಲ್ಲಿ ಸ್ವಂತ ಕುಟುಂಬಕ್ಕೆ ನೆರವಾಗಬಹುದು, ಕೂಲಿಗೆ ಬಂದವರ ಮಗುವನ್ನು ದುಡಿಸಿಕೊಳ್ಳಲು ಆ ವಿನಾಯಿತಿ ಸಲ್ಲದು, ತಪ್ಪಿದರೆ 6 ತಿಂಗಳಿಂದ 2 ವರ್ಷದವರೆಗೆ ಸೆರೆ ಇಲ್ಲವೇ 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮಗು ಕಂಡುಬಂದರೆ ಕುಟುಂಬವನ್ನೇ ಓಡಿಸದೆ, ಹಿರಿಯರ ಕೂಲಿ ಮುಂದುವರಿಸಿ, ಹತ್ತಿರದ ಶಾಲೆಗೆ ಸೇರಿಸಿ, ಅಗತ್ಯವಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕೆಂಬ ಸಲಹೆಯೂ ಸರಿಯಾದದ್ದು.

ವರದಿ ನಿರಾಶೆ ತಂದಿತು. ಅದು ಇಂಗ್ಲಿಷಿನಲ್ಲಷ್ಟೇ ಇತ್ತು, ಕಾರ್ಖಾನೆಗಳಿಗೆಂದು ಮಾಡಿದ ನಮೂನೆಯಲ್ಲಿ ಪಾಳಿ, ಯಂತ್ರಗಳ ಕಾಲಂಗಳೇ ತುಂಬಿದ್ದವು. ಬೆಳೆಗಾರರೊಂದಿಗಿನ ಕರಾರಿಗೆ ತಪಾಸಣಾ ಸಂಸ್ಥೆ ಸೂಚಿಸಿದ ‘ಮಗು ಕಂಡರೆ ತಕ್ಷಣ ಖರೀದಿ ರದ್ದು’ ಎಂಬ ಷರತ್ತನ್ನು ನಾವು ಕೈಬಿಟ್ಟೆವು. ಅಂಥ ಬೆದರಿಕೆಯಿದ್ದರೆ ತಪಾಸಣೆಯ ದಿನ ಮಕ್ಕಳನ್ನು ಒಳಮನೆಗೆ ಕಳುಹಿಸುತ್ತಾರೆ, ಅಷ್ಟೆ. ಬದಲಿಗೆ ತಿದ್ದಿಕೊಳ್ಳಲು ಗಡುವು ಕೊಟ್ಟು ಮರುಭೇಟಿ ಮಾಡುವ ಷರತ್ತು ಸೇರಿಸಿದ್ದೇವೆ.

ಶುಲ್ಕ ಸಣ್ಣ ವ್ಯಾಪಾರಿಗಳಿಗೆ ಹೆಚ್ಚೇ ಆಯಿತು. ಆದರೂ ಇಂಥ ಸೇವೆ ಪಡೆಯುವವರು ಸುಗ್ಗಿಯ ಕಾಲದ ಭೇಟಿ, ಕನ್ನಡದ ವರದಿ, ಕೂಲಿ ಅಳತೆಯ ಪರಿಶೀಲನೆ ಇವಿಷ್ಟನ್ನು ಮುಂಗಡ ಕೊಡುವ ಮೊದಲೇ ಬರೆಯಿಸಿಕೊಳ್ಳುವುದು ಒಳ್ಳೆಯದು.